ಪರದೆಯ ಮರೆಯ ಮನುಷ್ಯ

ಚೆಲುವನ್ನು ಕಂಡು ಸುಖಿಸುವವರು, ಆ ಚೆಲುವಿಗೆ ಬೆಲೆ ತೆತ್ತವರು ಯಾರೆಂಬುದನ್ನೂ ಅರಿಯಬೇಕೆ? ಅಂಥ ವಿಚಾರ ರಸಾಸ್ವಾದಕ್ಕೆ ಅಡ್ಡಿಯೆನ್ನುವವರುಂಟು. ಫ್ರಾನ್ಸಿನ ಚಿತ್ರಕಾರ ಎಡ್ಗರ್ ದೆಗಾನ (1834–1917) ರಂಗಭೂಮಿಯ ಚಿತ್ರಗಳೆದುರು ನಿಂತಾಗ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರೆವು.

ಸುಮಾರು 1876ರಲ್ಲಿ ಅವನು ರಚಿಸಿದ ‘ತಾರೆ’ ಎಂಬ ಚಿತ್ರವಿದೆ. ಕೆಳಗಿನಿಂದ ಚೆಲ್ಲುವ ದೀಪಗಳ ಬೆಳಕಿನಲ್ಲಿ ಬಿಳಿಯುಡುಗೆಯ ನರ್ತಕಿಯೊಬ್ಬಳು ಒಂಟಿಕಾಲಿನ ಮೇಲೆ ಹೂವಿನಂತೆ ನಿಂತಿದ್ದಾಳೆ. ನಮ್ಮ ಕಣ್ಣು ಮೊದಲು ತಂಗುವುದು ಅಲ್ಲಿಯೇ. ಅನಂತರ ಹಿಂದಣ ಪರದೆಯ ಮರೆಯಲ್ಲಿ ಕರಿಯ ಉಡುಪಿನ ಗಂಡಸೊಬ್ಬನು ಗೋಚರಿಸುತ್ತಾನೆ. ಮುಖ ಮಾತ್ರ ಕಾಣದು. ಪ್ಯಾರಿಸಿನ ಆಪೆರಾದಲ್ಲಿ ಚಂದಾದಾರರಾದ ಸಿರಿವಂತರಿಗೆ ರಂಗದ ಹಿಂಬದಿಗೂ ಪ್ರವೇಶವಿದ್ದಿತು. ನರ್ತಕಿಯರಲ್ಲಿ ಹಲವರು ಬಡವರ ಮನೆಯ ಮಕ್ಕಳು. ಅವರ ಬಡತನವೇ ಇವರ ಬಲ.

ದೆಗಾ ಇದನ್ನು ಮರೆಮಾಚಲಿಲ್ಲ. ದಣಿದು ಆಕಳಿಸುವ, ಬೆನ್ನು ತುರಿಸಿಕೊಳ್ಳುವ, ನೊಂದ ಪಾದವನ್ನು ಒತ್ತಿಕೊಳ್ಳುವ ಹುಡುಗಿಯರನ್ನು ಅವನು ಇದ್ದಂತೆಯೇ ಬರೆದನು. ಹಾಗಾದರೆ ಸತ್ಯವನ್ನು ತೋರಿದವನು ಕರುಣೆಯನ್ನೂ ತೋರಿದನೆ?

1881ರಲ್ಲಿ ಅವನು ‘ಹದಿನಾಲ್ಕರ ಪುಟ್ಟ ನರ್ತಕಿ’ ಎಂಬ ಮೇಣದ ಪ್ರತಿಮೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿದನು. ಅದಕ್ಕೆ ಮಾದರಿಯಾಗಿ ನಿಂತವಳು ಅಗಸಗಿತ್ತಿಯೊಬ್ಬಳ ಮಗಳು, ಮರಿ ವಾನ್ ಗೋಥೆಮ್. ಅದೇ ಪ್ರದರ್ಶನದಲ್ಲಿ ಅವನು ಅಪರಾಧಿಗಳ ಮುಖಚಿತ್ರಗಳನ್ನೂ ಇರಿಸಿದ್ದನು. ವಿಮರ್ಶಕರಲ್ಲಿ ಕೆಲವರು ಆ ಬಾಲೆಯ ಮುಖದಲ್ಲಿ ದುಷ್ಟತನವನ್ನೇ ಕಂಡರು. ಕೋತಿಗೆ ಹೋಲಿಸಿದವರೂ ಉಂಟು. ಪಾಠಗಳಿಗೆ ಸರಿಯಾಗಿ ಬರಲಿಲ್ಲವೆಂದು 1882ರಲ್ಲಿ ಆಪೆರಾ ಅವಳನ್ನು ಹೊರಹಾಕಿತು. ದೆಗಾ ತೀರಿಕೊಂಡ ಮೇಲೆ ಆ ಮೇಣದ ಬಾಲೆಯನ್ನು ಕಂಚಿನಲ್ಲಿ ಎರಕ ಹೊಯ್ದರು; ಇಂದು ಹಲವು ದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಅವಳಿಗೆ ಗೌರವದ ಸ್ಥಾನವಿದೆ. ಪ್ರತಿಮೆಗೆ ದೊರೆತ ಆದರ ಹುಡುಗಿಗೆ ದೊರೆಯಲಿಲ್ಲ.

ಇರುವುದನ್ನು ಇದ್ದಂತೆ ಕಾಣುವ ಕಣ್ಣು ಒಂದು. ಎದುರಿಗಿರುವುದು ತನ್ನಂತೆಯೇ ಒಂದು ಜೀವವೆಂದು ಅರಿಯುವ ಕಣ್ಣು ಇನ್ನೊಂದು. ಮೊದಲನೆಯದು ದೆಗಾನಿಗೆ ಅಪಾರವಾಗಿ ಇದ್ದಿತು. ಎರಡನೆಯದನ್ನು ಯಾವ ಕಲಾವಿದನೂ ನಮ್ಮ ಪರವಾಗಿ ಸಂಪಾದಿಸಿ ಕೊಡಲಾರನು. ಅದು ನೋಡುವವರ ಹೊಣೆ.

‘ತಾರೆ’ಯನ್ನು ಮತ್ತೊಮ್ಮೆ ನೋಡೋಣ. ಅದನ್ನು ರಂಗಮಂದಿರದ ಮೇಲಣ ಆಸನವೊಂದರಿಂದ ಕಂಡಂತೆ ಚಿತ್ರಿಸಲಾಗಿದೆ. ಆ ಆಸನದಲ್ಲಿ ಈಗ ಕುಳಿತಿರುವವರು ನಾವು. ಪರದೆಯ ಮರೆಯವನನ್ನು ಹಳಿಯುವುದು ಸುಲಭ. ಬೆಳಕಿನಲ್ಲಿ ನಿಂತವಳನ್ನು ನಾವು ಹೇಗೆ ನೋಡುತ್ತಿದ್ದೇವೆಂದು ಕೇಳಿಕೊಳ್ಳುವುದು ಕಷ್ಟ. ಆದರೂ ಕೇಳಿಕೊಳ್ಳಲೇಬೇಕು. ಅದರಿಂದ ಚೆಲುವು ಕುಂದದು. ನಮ್ಮ ನೋಟ ಶುದ್ಧವಾದೀತು.