ಬರುವವನ ವಿದ್ಯೆಯೂ ಬಳಿಯಲ್ಲಿರುವವನ ಕೈಯೂ



ಯಲಹಂಕದ ಬಳಿಯ ಪುಟ್ಟೇನಹಳ್ಳಿಯಲ್ಲಿ, ಕೆರೆಯ ಕಡೆಯಿಂದ ನಡೆದು ಬಂದ ಹಿರಿಯರೊಬ್ಬರು ತಮ್ಮ ಮನೆಯ ಜಗಲಿಯ ಮೇಲೆ ಕೂತವರು ಹಾಗೆಯೇ ಕುಸಿದು ಬಿದ್ದರೆಂದು ಇಟ್ಟುಕೊಳ್ಳೋಣ. ಕರೆದರೆ ಮಾತಿಲ್ಲ, ಉಸಿರು ಕಾಣುವದಿಲ್ಲ. ಮನೆಯವರು ಗೋಳಾಡುತ್ತಾರೆ, ನೆರೆಯವರು ಸುತ್ತಲೂ ಕೂಡುತ್ತಾರೆ, ಒಬ್ಬನು 108ಕ್ಕೆ ಫೋನು ಮಾಡುತ್ತಾನೆ. ಆಮೇಲೆ ಎಲ್ಲರೂ ರಸ್ತೆಯ ಕಡೆ ನೋಡುತ್ತಾ ಸುಮ್ಮನೆ ನಿಲ್ಲುತ್ತಾರೆ. "ಬಲ್ಲವರು ಬರುತ್ತಾರೆ, ನಮಗೇನು ತಿಳಿದೀತು?" ಎಂಬದು ಅವರ ಮಾತು. ಈ ಮಾತು ವಿನಯವೋ, ವಿನಯದ ವೇಷ ಹಾಕಿಕೊಂಡ ಅಲಕ್ಷ್ಯವೋ ಎಂಬದನ್ನು ವಿಚಾರಿಸೋಣ.

ನಮ್ಮ ರಾಜ್ಯದಲ್ಲಿ 2008ನೇ ಇಸವಿ ನವೆಂಬರ್ 1ರಂದು ಆರೋಗ್ಯ ಕವಚವೆಂಬ ಹೆಸರಿನಿಂದ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ಆಂಬುಲೆನ್ಸುಗಳಲ್ಲಿ ಎರಡು ತರಗಳುಂಟು. ಒಂದರಲ್ಲಿ ಆಕ್ಸಿಜನ್ ಮೊದಲಾದ ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರುವದು. ಇನ್ನೊಂದರಲ್ಲಿ ವೆಂಟಿಲೇಟರೂ ಹೃದಯಕ್ಕೆ ವಿದ್ಯುತ್ತಿನ ಆಘಾತ ಕೊಡುವ ಯಂತ್ರವೂ ಹೆಚ್ಚು ಕಲಿತ ಸಿಬ್ಬಂದಿಯೂ ಇರುವದು. ಎರಡರಲ್ಲಿ ಯಾವದು ಮೇಲೆಂದು ಕೇಳಿದರೆ ಎರಡನೆಯದೆಂದು ಚಿಕ್ಕ ಮಗುವೂ ಹೇಳೀತು. ಆದರೆ ಸಂಗತಿ ಅಷ್ಟು ಸುಲಭವಲ್ಲ.

ಕೆನಡಾ ದೇಶದ ಒಂಟಾರಿಯೋ ಪ್ರಾಂತದ 17 ಪಟ್ಟಣಗಳಲ್ಲಿ ಇದನ್ನು ಪರೀಕ್ಷಿಸಿದರು. ಮೊದಲು ಆಘಾತದ ಯಂತ್ರವು ರೋಗಿಗೆ ಬೇಗನೆ ಮುಟ್ಟುವಂತೆ ಏರ್ಪಾಟು ಮಾಡಿದರು. ತರುವಾಯ ಸಿಬ್ಬಂದಿಗೆ ಗಂಟಲಿನಲ್ಲಿ ಕೊಳವೆ ಇಳಿಸುವದನ್ನೂ ರಕ್ತನಾಳದ ಮೂಲಕ ಔಷಧ ಕೊಡುವದನ್ನೂ ಕಲಿಸಿದರು. 2004ರಲ್ಲಿ ಪ್ರಕಟವಾದ ಫಲವೇನು? ಹೃದಯ ನಿಂತವರಲ್ಲಿ ಆಸ್ಪತ್ರೆಯಿಂದ ಜೀವಂತರಾಗಿ ಹೊರಟವರು ಮೊದಲು ನೂರಕ್ಕೆ 5. ಹೆಚ್ಚಿನ ವಿದ್ಯೆ ಬಂದ ಮೇಲೆ 5.1. ಬದುಕುವ ನಿರೀಕ್ಷೆಯನ್ನು ನಿಜವಾಗಿ ಹೆಚ್ಚಿಸಿದವುಗಳು ಮೂರು: ಬಿದ್ದದ್ದನ್ನು ಯಾರಾದರೂ ಕಂಡಿದ್ದದ್ದು, ಬಳಿಯಲ್ಲಿದ್ದವರು ಎದೆಯನ್ನು ಒತ್ತಿದ್ದು, ಆಘಾತವು ಬೇಗನೆ ದೊರೆತದ್ದು. ಯಾಕಂದರೆ ರಕ್ತವಿಲ್ಲದೆ ಮಿದುಳು ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ. ಯಾರೂ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ಸುಮಾರು 7ರಿಂದ 10ರಷ್ಟು ಇಳಿಯುತ್ತದೆ.

ಹಾಗಾದರೆ ವಿದ್ಯೆಯು ವ್ಯರ್ಥವೋ? ಹಾಗೆನ್ನಬಾರದು. ಅದೇ ಪ್ರಾಂತದಲ್ಲಿ ಉಸಿರಾಟದ ಸಂಕಟಪಟ್ಟವರೊಳಗೆ ಸತ್ತವರು ನೂರಕ್ಕೆ 14.3ರಿಂದ 12.4ಕ್ಕೆ ಇಳಿದರೆಂದು 2007ರಲ್ಲಿ ತಿಳಿದುಬಂತು. ಹೃದಯವು ನಿಲ್ಲದೆ ಅದರ ರಕ್ತನಾಳ ಮಾತ್ರ ಕಟ್ಟಿಕೊಂಡು ಎದೆನೋವು ಬಂದವರಿಗೂ ಬಲ್ಲ ಸಿಬ್ಬಂದಿಯಿಂದ ಪ್ರಯೋಜನವುಂಟು. ಇ.ಸಿ.ಜಿ. ತೆಗೆದು ತಕ್ಕ ಆಸ್ಪತ್ರೆಯನ್ನು ಆರಿಸುವವನು ಅಮೂಲ್ಯವಾದ ಹೊತ್ತನ್ನು ಉಳಿಸುತ್ತಾನೆ. ಪುಟ್ಟೇನಹಳ್ಳಿಯಿಂದ ಹೆಬ್ಬಾಳದ ಜನಸಂದಣಿಯನ್ನು ದಾಟಿ ನಗರದ ಆಚೇ ತುದಿಯ ಜಯದೇವ ಆಸ್ಪತ್ರೆಗೆ ಹೋಗುವದೋ, ಹತ್ತಿರದಲ್ಲೇ ಚಿಕಿತ್ಸೆ ಆರಂಭಿಸುವದೋ ಎಂಬದು ಅಲ್ಪ ಪ್ರಶ್ನೆಯಲ್ಲ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯ ತಾತ್ಪರ್ಯವೂ ಇದೇ: ತಾಲೂಕು ಆಸ್ಪತ್ರೆಯಲ್ಲಿಯೇ ರೋಗವನ್ನು ಗುರುತಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವದು.

ಆದದರಿಂದ ವಿದ್ಯೆಯು ಮೇಲಣ ಅಂತಸ್ತು; ಬಳಿಯಲ್ಲಿರುವವನ ಕೈ ಅದರ ಅಸ್ತಿವಾರ. ಅಸ್ತಿವಾರವಿಲ್ಲದೆ ಅಂತಸ್ತು ನಿಂತೀತೋ? ನಿಂತ ಹೃದಯವನ್ನು ಎದೆಯ ಮೇಲಿಂದ ಒತ್ತಿ ರಕ್ತವನ್ನು ನಡಿಸಬಹುದೆಂದೂ ಇದಕ್ಕೆ ಯಂತ್ರ ಬೇಡವೆಂದೂ 1960ರಲ್ಲಿಯೇ ಅಮೆರಿಕದ ಬಾಲ್ಟಿಮೋರ್ ಪಟ್ಟಣದ ಪಂಡಿತರು ತೋರಿಸಿಕೊಟ್ಟರು.

"ಒತ್ತಿದರೆ ಎಲುಬು ಮುರಿದೀತು" ಎನ್ನುವಿರಾ? ಮುರಿದ ಎಲುಬು ಕೂಡಿಕೊಳ್ಳುತ್ತದೆ. ಹೋದ ಪ್ರಾಣ ಕೂಡುವದಿಲ್ಲ. "ಪೊಲೀಸರೂ ಕೋರ್ಟೂ ಎಳೆದಾಡಿಯಾರು" ಎನ್ನುವಿರಾ? ಸಹಾಯ ಮಾಡಿದವನನ್ನು ಕಾಯುವದಕ್ಕೆ ಕರ್ನಾಟಕದ ಕಾನೂನೊಂದು 2018ರಲ್ಲಿ ರಾಷ್ಟ್ರಪತಿಗಳ ಅಂಗೀಕಾರ ಪಡೆಯಿತು. ಅದಕ್ಕೆ ನಾವೆಲ್ಲರೂ ಬಲ್ಲ ಸಮಾರ್ಯದವನ ಹೆಸರನ್ನೇ ಇಟ್ಟಿದ್ದಾರೆ. ಆ ಮನುಷ್ಯನು ವೈದ್ಯನೆಂದು ಕಥೆಯು ಹೇಳುವದಿಲ್ಲ. ತನ್ನ ಬಳಿಯಲ್ಲಿದ್ದದ್ದನ್ನೇ ಹಿಡಿದು ಮೊದಲು ತಾನು ಮಾಡಬೇಕಾದದ್ದನ್ನು ಮಾಡಿ, ಬಳಿಕ ಛತ್ರದವನಿಗೆ ಒಪ್ಪಿಸಿದನು. "ಯಾರ ಮೈಯನ್ನು ಯಾರು ಮುಟ್ಟುವದು?" ಎಂಬ ಹಳೆಯ ಸಂಕೋಚವು ನಿಮ್ಮನ್ನು ತಡೆಯುವದೋ? ಪ್ರಾಣ ಹೋಗುವ ಹೊತ್ತಿನಲ್ಲಿ ಜಾತಿಯನ್ನೂ ಲಜ್ಜೆಯನ್ನೂ ಎಣಿಸುವದು ಕ್ರೂರತನವೇ.

ಮಾಡಬೇಕಾದದ್ದು ಇಷ್ಟೇ. ಕರೆದರೆ ಓಗೊಡದೆ ಉಸಿರಾಡದೆ ಇರುವವನನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿರಿ. ಆಗೊಮ್ಮೆ ಈಗೊಮ್ಮೆ ಎಳೆಯುವ ಏದುಸಿರನ್ನು ಉಸಿರೆಂದು ಎಣಿಸಬೇಡಿರಿ. 108ಕ್ಕೆ ಹೇಳಿಸಿರಿ. ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಾರಿ ಒತ್ತಿರಿ. ಎರಡೆರಡು ನಿಮಿಷಕ್ಕೆ ಆಳು ಬದಲಾಗಲಿ, ಒತ್ತುವದು ನಿಲ್ಲದಿರಲಿ. ಒಬ್ಬನು ರಸ್ತೆಯಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಿಸಲಿ. ಎಚ್ಚರವಿದ್ದು ಎದೆನೋವೆನ್ನುವವನ ಎದೆಯನ್ನು ಒತ್ತಬಾರದು. ಅವನನ್ನು ನಡಿಸದೆ ಕೂಡ್ರಿಸಿ 108ಕ್ಕೆ ಕರೆಯಿರಿ. ಇವೆಲ್ಲವನ್ನು ಬಲ್ಲವರಿಂದ ಒಂದು ಸಾರಿ ಕೈಯಾರೆ ಕಲಿತುಕೊಳ್ಳುವದು ಉತ್ತಮ.

ತಿಳಿಯದವನ ಮೇಲೆ ತಪ್ಪು ಹೊರಿಸಲಾರೆವು. ಆದರೆ ತಿಳುಕೊಳ್ಳುವ ಅವಕಾಶವಿದ್ದೂ ತಿಳಿಯದೆ ಉಳಿದು, ತನ್ನ ನೆರೆಯವನ ಬದಿಯಲ್ಲಿ ಕೈಕಟ್ಟಿ ನಿಂತವನು "ನಮಗೇನು ತಿಳಿದೀತು?" ಎಂದರೆ ಅದು ವಿನಯವಾಗುವದೋ? ವಾಚಕರೇ, ನೀವೇ ತೀರ್ಪು ಮಾಡಿರಿ.