ಗಾಳಿಯಲ್ಲಿ ನಿಂತ ನರ್ತಕಿ

ಬ್ಯಾಲೆ ಪ್ರದರ್ಶನದ ಫೋಟೊಗಳಲ್ಲಿ ಪತ್ರಿಕೆಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಒಂದೇ ಬಗೆಯದು: ಎರಡೂ ಕಾಲುಗಳನ್ನು ನೇರ ಚಾಚಿ ನರ್ತಕಿ ಗಾಳಿಯಲ್ಲಿ ನಿಂತಿದ್ದಾಳೆ, ಕಾಲ್ಬೆರಳಿನಿಂದ ಕೈಬೆರಳಿನವರೆಗೆ ಒಂದು ಗೆರೆಯೂ ಮಸುಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹಿಡಿದಿದ್ದಾರೆ ಎಂದು ನೋಡಿದವರು ಮೆಚ್ಚುತ್ತಾರೆ. ಆದರೆ ಅವಳು ಅಲ್ಲಿ ನಿಂತಿರಲೇ ಇಲ್ಲ. ನಿಲ್ಲದವಳನ್ನು ನಿಂತಂತೆ ತೋರಿಸುವ ಚಿತ್ರ ನಿಜವೋ ಸುಳ್ಳೋ? ಸ್ಫುಟವಾಗಿರುವುದೆಲ್ಲ ಸತ್ಯವೆಂದು ಬಗೆಯುವುದು ತಪ್ಪು. ನೃತ್ಯದ ಮಟ್ಟಿಗೆ, ಕೊಂಚ ಕಲೆಸಿಹೋದ ಚಿತ್ರವೇ ಅನೇಕ ಸಲ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ವಾದ.

ಗ್ರಾನ್ ಜೆತೇ ಎಂಬ ಆ ಜಿಗಿತವನ್ನೇ ಹತ್ತಿರದಿಂದ ನೋಡೋಣ. ಮೇಲಕ್ಕೆಸೆದ ಯಾವ ವಸ್ತುವೂ ತಾನು ಗಾಳಿಯಲ್ಲಿರುವ ಹೊತ್ತಿನ ಅರ್ಧವನ್ನು ಎತ್ತರದ ಮೇಲಿನ ಕಾಲುಭಾಗದಲ್ಲೇ ಕಳೆಯುತ್ತದೆ. ನರ್ತಕಿಗೂ ಇದೇ ನಿಯಮ. ಇದರ ಮೇಲೆ ಅವಳ ಕೌಶಲ ಬೇರೆ. ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಕಾಲು, ತೋಳುಗಳನ್ನು ಎತ್ತಿ ಚಾಚಿದರೆ, ದೇಹದ ಗುರುತ್ವಕೇಂದ್ರ ತನ್ನ ಕಮಾನಿನ ದಾರಿಯಲ್ಲೇ ಸಾಗಿದರೂ ತಲೆ ಮಾತ್ರ ಒಂದಿಷ್ಟು ಹೊತ್ತು ಒಂದೇ ಮಟ್ಟದಲ್ಲಿ ಸರಿಯುತ್ತದೆ. ನಮಗೆ ಅವಳು ತೇಲಿದಂತೆ ಕಾಣುವುದು ಇದರಿಂದ. ಛಾಯಾಗ್ರಾಹಕರು ಕಾಯುವುದೂ ಆ ತುದಿಗಾಗಿಯೇ, ಏಕೆಂದರೆ ಅಲ್ಲಿ ಮೇಲ್ಮುಖ ವೇಗ ಸೊನ್ನೆ. ಫ್ಲ್ಯಾಶ್ ಬಳಸಲಾಗದ ರಂಗದ ಮಂದ ಬೆಳಕಿನಲ್ಲಿ ಅದೊಂದು ಅನುಕೂಲ. ಆದರೆ ಏರಿಕೆಯನ್ನೂ ಇಳಿಕೆಯನ್ನೂ ಕತ್ತರಿಸಿ ಹಾಕಿದ ಮೇಲೆ ಉಳಿಯುವುದು ಅಂಗವಿನ್ಯಾಸ. ಜಿಗಿತವಲ್ಲ.

ಇದಕ್ಕೆ ಬಲವಾದ ಆಕ್ಷೇಪ ಬೌದ್ಧ ದರ್ಶನದಿಂದ ಬರಬಹುದು. ಚಲನೆ ಎಂಬುದೇ ಇಲ್ಲವೆಂದು ಅಭಿಧರ್ಮಕೋಶದ ಭಾಷ್ಯದಲ್ಲಿ ವಸುಬಂಧು ವಾದಿಸುತ್ತಾನೆ: ಹುಟ್ಟಿದ್ದು ಹುಟ್ಟಿದೆಡೆಯಲ್ಲೇ ಅಳಿಯುತ್ತದೆ, ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ, ನಾವದನ್ನು ಚಲನೆ ಎನ್ನುತ್ತೇವೆ. ಹಾಗಾದರೆ ಕ್ಷಣವನ್ನು ಹಿಡಿದ ಫೋಟೊವೇ ಪರಮಾರ್ಥವಲ್ಲವೇ? ಅಲ್ಲ. ಸೆಕೆಂಡಿನ 500ನೇ ಒಂದು ಭಾಗದಷ್ಟೇ ತೆರೆದುಕೊಂಡ ಶಟರ್ ಕೂಡ ಕಾಲದ ಒಂದು ತುಣುಕನ್ನು ಒಳಗೆ ಬಿಟ್ಟುಕೊಂಡಿರುತ್ತದೆ. ಶುದ್ಧ ಕ್ಷಣ ಯಾವ ಕ್ಯಾಮೆರಾಕ್ಕೂ ಸಿಕ್ಕಿಲ್ಲ. ಸ್ಫುಟ ಚಿತ್ರ ಆ ತುಣುಕನ್ನು ಮರೆಮಾಡುತ್ತದೆ, ಮಸುಕು ಚಿತ್ರ ಅದನ್ನು ಒಪ್ಪಿಕೊಳ್ಳುತ್ತದೆ. ಅಲ್ಲದೆ ಕ್ಷಣಿಕವಾದಿಗೂ ಕ್ಷಣಗಳ ಸಂತಾನ, ಅಂದರೆ ಒಂದರ ಹಿಂದೊಂದು ಬರುವ ಸರಣಿ, ಬೇಕೇ ಬೇಕು. ಒಂಟಿ ಕ್ಷಣದಲ್ಲಿ ಅವನಿಗೂ ನೃತ್ಯ ಸಿಗದು. 1907ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಬರ್ಗ್‌ಸನ್ ಎದುರು ದಿಕ್ಕಿನಿಂದ ಹೊರಟು, ನಿಂತ ಚಿತ್ರಗಳನ್ನು ಎಷ್ಟು ಜೋಡಿಸಿದರೂ ಚಲನೆ ಆಗದು ಎಂದ. ಇಬ್ಬರಿಗೂ ಒಪ್ಪಿಗೆಯಾಗುವ ಮಾತು ಒಂದಿದೆ: ಬಿಡಿ ಚೌಕಟ್ಟು ತಾನೇ ತಾನಾಗಿ ನೃತ್ಯವಲ್ಲ.

ಛಾಯಾಗ್ರಾಹಕ ಅಲೆಕ್ಸಿ ಬ್ರೊಡೊವಿಚ್ ಮಾಡಿದ್ದನ್ನು ಈ ಬೆಳಕಿನಲ್ಲಿ ನೋಡಬೇಕು. 1935ರಿಂದ 1937ರವರೆಗೆ ನ್ಯೂಯಾರ್ಕಿಗೆ ಬಂದ ರಷ್ಯನ್ ಬ್ಯಾಲೆ ತಂಡಗಳನ್ನು ಆತ ಸಣ್ಣ 35 ಮಿ.ಮೀ. ಕ್ಯಾಮೆರಾದಲ್ಲಿ, ರಂಗದ ಬೆಳಕನ್ನೇ ನಂಬಿ, ನಿಧಾನದ ಶಟರ್‌ನಲ್ಲಿ ಸೆರೆಹಿಡಿದ. ಸ್ಕರ್ಟುಗಳು ಹೊಗೆಯಾಗಿವೆ, ಮುಖಗಳು ಕರಗಿವೆ, ದೀಪಗಳು ಉರಿದುಹೋಗಿವೆ. 1945ರಲ್ಲಿ ‘ಬ್ಯಾಲೆ’ ಎಂಬ ಹೆಸರಲ್ಲಿ ಅವು ಪುಸ್ತಕವಾದವು. ಕಣ್ಣಿಗೂ ನೃತ್ಯ ಹೀಗೆ ಕಾಣುವುದಿಲ್ಲವಲ್ಲ ಎನ್ನಬಹುದು. ನಿಜ, ಆದರೆ ಸ್ಫುಟ ಚಿತ್ರದಂತೆಯೂ ಕಾಣುವುದಿಲ್ಲ. ಎರಡೂ ಕ್ಯಾಮೆರಾದ ಭಾಷೆಯೇ ಆಗಿರುವಾಗ, ತೋಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹೇಳುವ ಭಾಷೆ ನೃತ್ಯಕ್ಕೆ ಹೆಚ್ಚು ಹತ್ತಿರ.

ನರ್ತಕರೇ ಇದನ್ನು ಒಪ್ಪಲಿಕ್ಕಿಲ್ಲ. ಬ್ಯಾಲೆ ನಿಂತಿರುವುದೇ ಗೆರೆಯ ಶುದ್ಧಿಯ ಮೇಲೆ. ಪಾದದ ತುದಿ ಸೆಟೆದಿದೆಯೇ, ಸೊಂಟದಿಂದ ಕಾಲು ಹೊರಮುಖವಾಗಿ ತಿರುಗಿದೆಯೇ ಎಂದು ನೋಡುವವರಿಗೆ ಮಸುಕಿನಿಂದ ಏನೂ ಪ್ರಯೋಜನವಿಲ್ಲ. ಈ ಮಾತನ್ನು ನಾನು ಗೌರವಿಸುತ್ತೇನೆ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಅರಬೆಸ್ಕ್‌ನಲ್ಲಿ ತಡೆದು ನಿಂತ ದೇಹಕ್ಕೆ ಸ್ಫುಟ ಚಿತ್ರವೇ ನ್ಯಾಯ. 1912ರಲ್ಲಿ ನಿಜಿನ್ಸ್ಕಿ ‘ಫಾನ್’ ನೃತ್ಯವನ್ನು ಗ್ರೀಕ್ ಕುಂಭಗಳ ಮೇಲಿನ ಚಿತ್ರಗಳಂತೆ ಪಕ್ಕನೋಟದ ಸ್ತಬ್ಧ ಭಂಗಿಗಳಲ್ಲಿ ಕಟ್ಟಿದ್ದರಿಂದಲೇ ಬ್ಯಾರನ್ ಡಿ ಮೇಯರ್ ತೆಗೆದ ಅದರ ಫೋಟೊಗಳು ಇಂದಿಗೂ ಮಾತಾಡುತ್ತವೆ. ಆದರೆ ಅದೇ ನಿಜಿನ್ಸ್ಕಿ ಹೆಸರಾದದ್ದು ಜಿಗಿತಕ್ಕೆ, ಅವನ ಸ್ಟುಡಿಯೊ ಭಂಗಿಗಳಲ್ಲಿ ಆ ಜಿಗಿತ ಇಲ್ಲ. ಪತ್ರಿಕೆಗೆ, ಕರಪತ್ರಕ್ಕೆ ಫೋಟೊ ಆರಿಸುವವರಲ್ಲಿ ಕೇಳಿಕೊಳ್ಳುವುದಿಷ್ಟೆ: ನರ್ತಕಿ ನಿಂತಾಗ ಸ್ಫುಟ ಚಿತ್ರವನ್ನು ಹಾಕಿ, ಅವಳು ಹಾರುವಾಗ ಕಲೆಸಿದ ಚಿತ್ರವನ್ನು ಬರೀ ಮಸುಕೆಂಬ ಕಾರಣಕ್ಕೆ ಬುಟ್ಟಿಗೆ ಎಸೆಯಬೇಡಿ.