ದೈವ ಐದನೆಯದು

ಆಯುಧಪೂಜೆಯ ದಿನ ಆಲೂರು ತಾಲ್ಲೂಕಿನ ಮಗ್ಗೆಯಂಥ ಊರುಗಳಲ್ಲಿ ಪಿಕಪ್, ಜೀಪು, ಟ್ರ್ಯಾಕ್ಟರುಗಳೆಲ್ಲ ಮಿಂದು ಮಡಿಯಾಗಿ ನಿಲ್ಲುತ್ತವೆ. ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಒಡೆಯಲು ಕುಂಕುಮ ತುಂಬಿದ ಬೂದುಗುಂಬಳ. ಅದೇ ಚಕ್ರದ ಒಳಮೈಯಲ್ಲಿ ಒದ್ದೆ ಗೆರೆಯೊಂದು ಇಳಿದಿದ್ದರೆ, ಅದು ಬ್ರೇಕ್ ಆಯಿಲ್ ಸೋರುತ್ತಿರುವ ಗುರುತಿರಬಹುದು. ಅರಿಶಿನ ಹಚ್ಚುವ ಕೈಗೂ ಆ ಗೆರೆಗೂ ಗೇಣುದ್ದ ಅಂತರ.

ಶುಂಠಿ, ಕಾಫಿ ಹೊರುವ ವಾಹನಗಳೂ ಧರ್ಮಸ್ಥಳ, ಕುಕ್ಕೆಗೆ ಹೊರಟ ಯಾತ್ರಿಕರ ವಾಹನಗಳೂ ಇಲ್ಲಿಂದ ಶಿರಾಡಿಯನ್ನೋ ಬಿಸಿಲೆಯನ್ನೋ ಇಳಿಯಬೇಕು. ಘಾಟಿಯಲ್ಲಿ ಅವಘಡವಾದಾಗ ಜನ ಆಡುವ ಮಾತು ಎರಡು: ‘ಬ್ರೇಕ್ ಫೇಲಾಯ್ತಂತೆ’, ‘ಹಣೆಬರಹ, ಯಾರೇನು ಮಾಡೋಕಾಗುತ್ತೆ’. ತಪ್ಪಿನಲ್ಲಿ ಅರ್ಧ ಯಂತ್ರಕ್ಕೆ, ಅರ್ಧ ವಿಧಿಗೆ. ಮನುಷ್ಯನ ಪಾಲಿಗೆ ಏನೂ ಉಳಿಯುವುದಿಲ್ಲ.

ಧರ್ಮ ಇದನ್ನು ಒಪ್ಪುತ್ತದೆಯೇ?

ಭಗವದ್ಗೀತೆಯ 18ನೇ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣ ಹೇಳುತ್ತದೆ: ಆಶ್ರಯವಾದ ದೇಹ, ಕರ್ತೃ, ಸಾಧನಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ‘ಎಲ್ಲ ನನ್ನಿಂದಲೇ’ ಎಂಬ ಅಹಂಕಾರ ಕಳೆಯಲು ಹೇಳಿದ ಮಾತು ಅದು. ‘ನನ್ನದೇನೂ ಇಲ್ಲ’ ಎಂದು ಕೈತೊಳೆದುಕೊಳ್ಳುವವರಿಗೆ ಅಲ್ಲಿ ಆಸರೆ ಸಿಗುವುದಿಲ್ಲ. ದೈವದ ಹೆಸರೆತ್ತುವ ಮುನ್ನ ಉಳಿದ ನಾಲ್ಕರ ಲೆಕ್ಕ ಒಪ್ಪಿಸಬೇಕು.

ಆ ಲೆಕ್ಕವನ್ನು ಘಾಟಿಯಲ್ಲೇ ಹಾಕಬಹುದು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದರೆ ಇಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪೆಡಲ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಆಯಿಲ್‌ಗೆ ಆ ಮಿತಿ 140 ಮಾತ್ರ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಬೇಕೆನ್ನುವ ಹಳೆಯ ಚಾಲಕರ ಮಾತು ಇದನ್ನೆಲ್ಲ ಬಲ್ಲದ್ದು.

ಕಣ್ಣಿಗೆ ಕಾಣದ ದೋಷವಾದರೆ? ಬ್ರಿಟನ್ನಿನಲ್ಲಿ ಇಳಿಜಾರಿನ ಲಾರಿಯೊಂದರ ಬ್ರೇಕ್ ಪೈಪು ತುಕ್ಕಿನಿಂದ ತೂತಾಗಿ ಒಬ್ಬರ ಜೀವ ಹೋಯಿತು. ತುಕ್ಕು ಹಿಡಿದಿದ್ದದ್ದು ಪೈಪು ಬಿಚ್ಚದೆ ಕಾಣಿಸದ ಭಾಗದಲ್ಲಿ. ಆದರೂ ಆ ಲಾರಿ ಹೇಗೆ ಬಳಕೆಯಾಗಿತ್ತು, ಯಾವ ಎಚ್ಚರ ವಹಿಸಲಾಗಿತ್ತು ಎಂದು ಮಾಲೀಕರು ತೋರಿಸಲಿಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ಅವರನ್ನೇ ಹೊಣೆ ಮಾಡಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1977ರಲ್ಲಿ ಮಿನೂ ಬಿ. ಮೆಹ್ತಾ ಪ್ರಕರಣದಲ್ಲಿ ಇದನ್ನೇ ಹೇಳಿತು: ಯಂತ್ರದೋಷವೆನ್ನುವ ಮಾಲೀಕ, ತಕ್ಕ ಎಚ್ಚರ ವಹಿಸಿಯೂ ದೋಷ ಅಡಗಿತ್ತೆಂದು ರುಜುವಾತು ಮಾಡಬೇಕು.

ಕಾಣಲಿಲ್ಲ ಎನ್ನುವುದು ಬೇರೆ, ನೋಡಲಿಲ್ಲ ಎನ್ನುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ತಿಳಿದಿದ್ದ ಅಪಾಯಕಾರಿ ದೋಷಕ್ಕಷ್ಟೇ ಅಲ್ಲ, ಸಾಧಾರಣ ಎಚ್ಚರವಿದ್ದರೆ ತಿಳಿಯಬಹುದಾಗಿದ್ದ ದೋಷಕ್ಕೂ ಶಿಕ್ಷೆ ಹೇಳುತ್ತದೆ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ. ಬ್ರೇಕ್ ಮೆತ್ತಗಾಗಿದೆಯೆಂದು ಚಾಲಕ ಹೇಳಿದ ಮೇಲೂ ‘ಇದೊಂದು ಲೋಡ್ ಇಳಿಸಿ ಬಾ’ ಎನ್ನುವ ಯಜಮಾನ ಆ ಹೊತ್ತಿಗೇ ಕರ್ತೃವಾಗಿರುತ್ತಾನೆ. ಆಮೇಲೆ ಅವನು ಹೆಸರಿಸುವ ಹಣೆಬರಹದಲ್ಲಿ ಅವನ ಕೈಬರಹವೂ ಇರುತ್ತದೆ.